ಎಡಕ್ಕೆ ಹಾಕಿದರೆ ಮಿಣುಕದ ಅಂಬಾಸಡರ್: ಮೂರನೇ ರಿಲೇ ತರುವ ಮೊದಲು

ಪ್ರಶ್ನೆ: ನಮಸ್ಕಾರ ಸರ್. ನಾವು ಬೆಟಗೇರಿಯವರು. ಅಪ್ಪಾಜಿ ಓಡಿಸುತ್ತಿದ್ದ 1986ರ ಪೆಟ್ರೋಲ್ ಅಂಬಾಸಡರ್ ಈಗ ನನ್ನ ಕೈಗೆ ಬಂದಿದೆ. ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಬರ್ತೀನಿ. ಎಡಗಡೆ ಇಂಡಿಕೇಟರ್ ಹಾಕಿದರೆ ಲೈಟ್ ಹತ್ತುತ್ತದೆ, ಹತ್ತಿದ್ದು ಹಾಗೇ ಇರುತ್ತದೆ, ಮಿಣುಕುವುದಿಲ್ಲ. ಬಲಗಡೆ ಮಿಣುಕುತ್ತದೆ, ಆದರೆ ಬಹಳ ನಿಧಾನ, ಅದರಲ್ಲೂ ಸಿಗ್ನಲ್‌ನಲ್ಲಿ ನಿಂತಾಗ. ಮಿಸ್ತ್ರಿ ಫ್ಲಾಶರ್ ರಿಲೇ ಹೋಗಿದೆ ಅಂತ ಹಳೇದರಂಥದ್ದೇ ಹೊಸದು ಹಾಕಿದರು, ಅದೇ ಕಥೆ. ಆಮೇಲೆ ಎಲೆಕ್ಟ್ರಾನಿಕ್ ರಿಲೇ ಹಾಕಿದರು. ಅದು ಒಮ್ಮೆ ಪಟಪಟ ಬಡಿದುಕೊಳ್ಳುತ್ತದೆ, ಒಮ್ಮೆ ಸುಮ್ಮನಾಗುತ್ತದೆ, ಡ್ಯಾಶ್‌ಬೋರ್ಡಿನ ಹಸಿರು ಲೈಟೂ ಸರಿಯಾಗಿ ಹತ್ತಲಿಲ್ಲ. ಬೇಡ ಅಂತ ಕಾರಿನ ಹಳೇ ರಿಲೇ ಡಬ್ಬಿಯನ್ನೇ ಮತ್ತೆ ಹಾಕಿಸಿಕೊಂಡೆ. ಈಗ ಅಂಗಡಿಯವರು ಎಲ್ಲ ಎಲ್ಇಡಿ ಹಾಕಿಬಿಡಿ ಅಂತಿದ್ದಾರೆ. ಏನು ಮಾಡಲಿ? ರಿಲೇ ನಾನೇ ಬದಲಿಸಬಹುದಾ?

ಉತ್ತರ: ಬದಲಿಸಬಹುದು ತಂಗಿ, ಖಂಡಿತ ನೀವೇ ಬದಲಿಸಬಹುದು. ಆದರೆ ಮೂರನೇ ರಿಲೇ ಈಗಲೇ ತರಬೇಡಿ.

ನಿಮ್ಮ ಕಾರಿನಲ್ಲಿ ಇಂಡಿಕೇಟರಿಗೆ ಫ್ಲಾಶರ್, ಅಂದರೆ ಲೈಟ್ ಮಿಣುಕಿಸುವ ರಿಲೇ ಡಬ್ಬಿ, ಒಂದೇ ಇರುವುದು. ಎಡಕ್ಕೆ ಹಾಕಿದರೂ ಅದೇ ಡಬ್ಬಿ, ಬಲಕ್ಕೆ ಹಾಕಿದರೂ ಅದೇ ಡಬ್ಬಿ. ಸ್ವಿಚ್ ಮಾಡುವ ಕೆಲಸ ಇಷ್ಟೇ, ಡಬ್ಬಿಯಿಂದ ಬಂದ ಕರೆಂಟನ್ನು ಈ ಕಡೆಗೋ ಆ ಕಡೆಗೋ ತಿರುಗಿಸುವುದು. ಹಾಗಿದ್ದ ಮೇಲೆ ಬಲಗಡೆ ನಿಧಾನಕ್ಕಾದರೂ ಮಿಣುಕುತ್ತಿದೆ, ಎಡಗಡೆ ಮಿಣುಕುವುದೇ ಇಲ್ಲ ಅಂದರೆ ಡಬ್ಬಿ ಜೀವಂತ ಇದೆ ಅಂತ ಅರ್ಥ. ತಪ್ಪು ಎಡಗಡೆ ಸೈಡಿನಲ್ಲಿದೆ. ಎರಡೂ ಕಡೆ ಒಂದೇ ಥರ ಸತ್ತಿದ್ದರೆ ಆಗ ರಿಲೇ ಮೇಲೆ ಅನುಮಾನ ಪಡಬಹುದಿತ್ತು. ನಿಮ್ಮ ಮಿಸ್ತ್ರಿ ಈ ಒಂದು ವಿಷಯ ನೋಡಿದ್ದರೆ ಎರಡು ರಿಲೇ ದುಡ್ಡು ಉಳಿಯುತ್ತಿತ್ತು.

ಆ ಡಬ್ಬಿ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸಲೀಸು. ಹಳೇ ಅಂಬಾಸಡರಿನಲ್ಲಿ ಬರುವ ಆ ಸಣ್ಣ ದುಂಡನೆಯ ಡಬ್ಬಿ ಬಿಸಿಯಿಂದ ನಡೆಯುವಂಥದ್ದು. ಒಳಗೆ ತೆಳ್ಳಗಿನ ಲೋಹದ ಪಟ್ಟಿ ಇರುತ್ತದೆ. ಬಲ್ಬಿಗೆ ಹೋಗುವ ಕರೆಂಟ್ ಈ ಪಟ್ಟಿಯ ಮೂಲಕವೇ ಹೋಗಬೇಕು. ಹೋಗುವಾಗ ಪಟ್ಟಿ ಕಾಯುತ್ತದೆ, ಕಾದು ಹಿಗ್ಗುತ್ತದೆ, ಹಿಗ್ಗಿ ಟಿಕ್ ಅಂತ ಪಾಯಿಂಟ್ (ಕರೆಂಟ್ ಕೂಡುವ ಜಾಗ) ಬಿಡುತ್ತದೆ, ಲೈಟ್ ಆರುತ್ತದೆ. ಕರೆಂಟ್ ನಿಂತ ತಕ್ಷಣ ತಣ್ಣಗಾಗಿ ಕುಗ್ಗುತ್ತದೆ, ಮತ್ತೆ ಟಿಕ್ ಅಂತ ಪಾಯಿಂಟ್ ಕೂಡುತ್ತದೆ. ಒಳಗಿನ ಜೋಡಣೆ ಬೇರೆ ಬೇರೆ ಕಂಪನಿಯದು ಬೇರೆ ಬೇರೆ ಇರಬಹುದು, ಮೂಲ ಇಷ್ಟೇ. ನಾವು ಚಿಕ್ಕವರಿದ್ದಾಗ ಮುಂದಿನ ಸೀಟಿನಲ್ಲಿ ಕೂತು ಕೇಳುತ್ತಿದ್ದೆವಲ್ಲ ಆ ಟಿಕ್ ಟಿಕ್, ಅದು ಈ ಪಟ್ಟಿಯ ಸದ್ದು.

ಈಗ ಲೆಕ್ಕ ನೋಡಿ. ಒಂದು ಸೈಡಿಗೆ ಮುಂದೆ 21 ವ್ಯಾಟಿನದು ಒಂದು, ಹಿಂದೆ 21 ವ್ಯಾಟಿನದು ಒಂದು. ಒಟ್ಟು 42 ವ್ಯಾಟ್. 12 ವೋಲ್ಟಿಗೆ ಭಾಗಿಸಿದರೆ 3.5 ಆಂಪಿಯರ್. ಡಬ್ಬಿಯ ಒಳಗಿನ ಪಟ್ಟಿಯನ್ನು ಈ 3.5 ಆಂಪಿಯರಿಗೆ ಅಂತಲೇ ಅಳೆದು ಮಾಡಿರುತ್ತಾರೆ. ಒಂದು ಬಲ್ಬ್ ಹೋದರೆ ಕರೆಂಟ್ ಅರ್ಧ ಆಗುತ್ತದೆ. ಅರ್ಧ ಕರೆಂಟಿಗೆ ಪಟ್ಟಿ ಸಾಕಷ್ಟು ಕಾಯುವುದಿಲ್ಲ, ಕಾಯದಿದ್ದರೆ ಪಾಯಿಂಟ್ ಬಿಡುವುದಿಲ್ಲ, ಉಳಿದ ಇನ್ನೊಂದು ಬಲ್ಬ್ ಹತ್ತಿದ್ದು ಹತ್ತಿಕೊಂಡೇ ಇರುತ್ತದೆ. ನಿಮ್ಮ ಎಡಗಡೆ ಆಗುತ್ತಿರುವುದು ಅಕ್ಷರಕ್ಕೆ ಅಕ್ಷರ ಇದೇ. ಅದೇ ಅಳತೆಯ ಹೊಸ ಡಬ್ಬಿ ಹಾಕಿದರೂ ಅದೇ ಕಥೆ ಆಗಿದ್ದು ಇದಕ್ಕೇ.

ನಾನು ಹುಬ್ಬಳ್ಳಿಯಲ್ಲಿ ಕೆಲಸ ಕಲಿಯಲು ಸೇರಿದಾಗ ನಮ್ಮ ಉಸ್ತಾದರು ಇದನ್ನು ಬಾಯಲ್ಲಿ ಹೇಳಿಕೊಡಲಿಲ್ಲ. ಒಂದು ಹಳೇ ಡಬ್ಬಿಯ ಮುಚ್ಚಳ ಬಿಚ್ಚಿ ಬೆಂಚಿನ ಮೇಲೆ ಬ್ಯಾಟರಿಗೆ ಹಚ್ಚಿ, ಎರಡು ಬಲ್ಬ್ ಸಿಕ್ಕಿಸಿ ಮಿಣುಕಿಸಿ ತೋರಿಸಿದರು. ಆಮೇಲೆ ಒಂದು ಬಲ್ಬ್ ಕಿತ್ತರು. ಮಿಣುಕುವುದು ನಿಂತಿತು. "ನೋಡಲೇ, ಡಬ್ಬಿ ಕೆಟ್ಟಿಲ್ಲ. ಬಲ್ಬ್ ಹೋಗೇತಿ ಅಂತ ಹೇಳಾಕತ್ತೈತಿ" ಅಂದರು. ಮೂವತ್ತು ವರ್ಷದ ಮೇಲಾಯಿತು, ಆ ಮಾತು ಇವತ್ತಿಗೂ ದಿನಾ ಉಪಯೋಗಕ್ಕೆ ಬರುತ್ತದೆ. ಹಳೇ ಥರದ ಈ ಡಬ್ಬಿಯನ್ನು ನಾನು ಇಷ್ಟಪಡುವುದಕ್ಕೂ ಅದೇ ಕಾರಣ. ಹಿಂದಿನ ಬಲ್ಬ್ ಹೋದರೆ ಡ್ರೈವರಿಗೆ ಕಾಣುವುದಿಲ್ಲ, ಆದರೆ ಟಿಕ್ ಟಿಕ್ ನಿಂತಿದ್ದು ಕಿವಿಗೆ ಗೊತ್ತಾಗುತ್ತದೆ.

ಈಗ ಕಾರಿನ ಹತ್ತಿರ ಹೋಗಿ. ಕೀ ಆನ್ ಮಾಡಿ, ಇಂಜಿನ್ ಬೇಡ. ಎಡಕ್ಕೆ ಹಾಕಿ. ಮುಂದೆ ಹೋಗಿ ನೋಡಿ, ಹಿಂದೆ ಹೋಗಿ ನೋಡಿ. ಒಂದು ಹತ್ತಿರುವುದಿಲ್ಲ, ಇಲ್ಲವೇ ಒಂದು ಮಂಕಾಗಿರುತ್ತದೆ. ನನ್ನ ಅನುಭವದಲ್ಲಿ ಹೆಚ್ಚಾಗಿ ಹಿಂದಿನದೇ. ಆ ಲೆನ್ಸಿನ ಸ್ಕ್ರೂ ಬಿಚ್ಚಿ. ಹಳೇ ಪ್ಲಾಸ್ಟಿಕ್ ಅದು, ಜೋರು ಮಾಡಿದರೆ ಸೀಳುತ್ತದೆ, ಒಂದು ಹನಿ ಎಣ್ಣೆ ಬಿಟ್ಟು ಹತ್ತು ನಿಮಿಷ ಬಿಟ್ಟು ತಿರುಗಿಸಿ. ಬಲ್ಬನ್ನು ಒಳಗೆ ಒತ್ತಿ ಎಡಕ್ಕೆ ತಿರುಗಿಸಿದರೆ ಬರುತ್ತದೆ. ತಂತಿ ತುಂಡಾಗಿದೆಯಾ ನೋಡಿ. ತುಂಡಾಗಿಲ್ಲದಿದ್ದರೂ ಬಲ್ಬಿನ ಹಿತ್ತಾಳೆ ಬುಡದ ಮೇಲೆ ಏನು ಬರೆದಿದೆ ಅಂತ ಓದಿ. 12 ವೋಲ್ಟ್ 21 ವ್ಯಾಟ್ ಅಂತ ಇರಬೇಕು. ಲಾರಿ ಸಾಮಾನು ಮಾರುವ ಅಂಗಡಿಗಳಲ್ಲಿ 24 ವೋಲ್ಟಿನ ಬಲ್ಬೂ ಇದೇ ಆಕಾರದಲ್ಲಿ, ಇದೇ ಬುಡದಲ್ಲಿ ಇರುತ್ತದೆ. ಅವಸರದಲ್ಲಿ ಅದನ್ನು ಕೊಟ್ಟುಬಿಡುತ್ತಾರೆ. ಕಾರಿಗೆ ಹಾಕಿದರೆ ಹತ್ತುತ್ತದೆ, ಮಂಕಾಗಿ ಹತ್ತುತ್ತದೆ, ಎಳೆಯುವ ಕರೆಂಟ್ ಸಾಲುವುದಿಲ್ಲ, ಡಬ್ಬಿ ಮಿಣುಕಿಸುವುದಿಲ್ಲ. 5 ವ್ಯಾಟಿನ ಪಾರ್ಕಿಂಗ್ ಬಲ್ಬನ್ನೋ 10 ವ್ಯಾಟಿನದನ್ನೋ ತುರುಕಿದ್ದೂ ನೋಡಿದ್ದೇನೆ. ಹೊಸ ಬಲ್ಬ್ ಹಾಕುವಾಗ ಎಡದ್ದು ಎರಡೂ ಒಂದೇ ಸಲ ಬದಲಿಸಿ. ಒಂದೇ ಕಂಪನಿಯದು ಹಾಕಿ. ಅದಕ್ಕೆ ಬಹಳ ಖರ್ಚಾಗುವುದಿಲ್ಲ.

ಬಲ್ಬ್ ಸರಿ ಇದ್ದರೆ ಅರ್ತಿಂಗ್ ನೋಡಿ. ನಮ್ಮ ಕಡೆ ಕಾರುಗಳಲ್ಲಿ ಅರ್ಧಕ್ಕರ್ಧ ಕಾಯಿಲೆ ಇಲ್ಲೇ ಇರುತ್ತದೆ, ಅದಕ್ಕೆ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಬಲ್ಬಿಗೆ ಕರೆಂಟ್ ಬರುವುದು ವೈರಿನಿಂದ, ವಾಪಸ್ ಹೋಗುವುದು ಹೋಲ್ಡರಿನಿಂದ ಕಾರಿನ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ. ಆ ವಾಪಸ್ ದಾರಿಯೇ ಅರ್ತಿಂಗ್. ಗದಗಿನ ಎರೆಮಣ್ಣಿನ ಧೂಳು ಎಷ್ಟು ನುಣುಪು ಅಂತ ನಿಮಗೇ ಗೊತ್ತು. ಬೇಸಿಗೆಯಲ್ಲಿ ಅದು ಲೆನ್ಸಿನ ರಬ್ಬರ್ ದಾಟಿ ಒಳಗೆ ಹೋಗಿ ಕೂರುತ್ತದೆ, ಮುಂಗಾರಿನಲ್ಲಿ ಅದೇ ಧೂಳು ನೀರು ಹೀರಿಕೊಂಡು ಹೋಲ್ಡರಿಗೆ ಅಂಟಿಕೊಳ್ಳುತ್ತದೆ, ಹಿತ್ತಾಳೆ ಕಿಲುಬು ಹಿಡಿಯುತ್ತದೆ, ತಗಡು ತುಕ್ಕು ಹಿಡಿಯುತ್ತದೆ. ಹೊರಗಿಂದ ನೋಡಿದರೆ ಏನೂ ಕಾಣುವುದಿಲ್ಲ. ಬಾಡಿಗೆ ಪೇಂಟ್ ಹೊಡೆಸಿದ ಕಾರಿನಲ್ಲಿ ಇನ್ನೊಂದು ತೊಂದರೆ, ಪೇಂಟರ್ ಹೋಲ್ಡರ್ ಕೂರುವ ಜಾಗಕ್ಕೂ ಬಣ್ಣ ಹೊಡೆದಿರುತ್ತಾನೆ. ಬಣ್ಣದ ಮೇಲೆ ಹೋಲ್ಡರ್ ಕೂತರೆ ಅರ್ತಿಂಗ್ ಎಲ್ಲಿಂದ ಬರಬೇಕು?

ಇದನ್ನು ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ. ಒಂದು ಉದ್ದನೆ ವೈರ್ ತೆಗೆದುಕೊಂಡು ಒಂದು ತುದಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ ಹಿಡಿಸಿ, ಇನ್ನೊಂದು ತುದಿಯನ್ನು ಎಡ ಇಂಡಿಕೇಟರ್ ಹೋಲ್ಡರಿನ ಲೋಹಕ್ಕೆ ಒತ್ತಿ ಹಿಡಿಯಿರಿ. ಮಂಕಾಗಿದ್ದ ಬಲ್ಬ್ ಝಗ್ ಅಂತ ಹತ್ತಿ, ಡ್ಯಾಶ್‌ಬೋರ್ಡಿನ ಕಡೆಯಿಂದ ಟಿಕ್ ಟಿಕ್ ಶುರುವಾದರೆ ಕಳ್ಳ ಸಿಕ್ಕಂತೆ. ಮಲ್ಟಿಮೀಟರ್ ಇದ್ದರೆ ಲೈಟ್ ಹತ್ತಿರುವಾಗಲೇ ಹೋಲ್ಡರಿನಿಂದ ಬ್ಯಾಟರಿ ನೆಗೆಟಿವ್‌ಗೆ ವೋಲ್ಟ್ ಅಳೆಯಿರಿ. 0.2 ವೋಲ್ಟ್ ಒಳಗಿದ್ದರೆ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಉಜ್ಜಲೇಬೇಕು. ಇನ್ನೂ ಒಂದು ಗುರುತು: ಪಾರ್ಕಿಂಗ್ ಲೈಟ್ ಹಾಕಿ, ಎಡ ಇಂಡಿಕೇಟರ್ ಹಾಕಿ, ಮನೆಯವರಿಗೆ ಬ್ರೇಕ್ ಒತ್ತಲು ಹೇಳಿ ಹಿಂದೆ ನಿಂತು ನೋಡಿ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಇನ್ನೂ ಮಂಕಾದರೆ, ಅಥವಾ ಸಂಬಂಧವೇ ಇಲ್ಲದ ಬಲ್ಬ್ ಸಣ್ಣಗೆ ಹತ್ತಿದರೆ, ಆ ಮೂಲೆಯ ಅರ್ತಿಂಗ್ ಹೋಗಿದೆ. ಕರೆಂಟಿಗೆ ವಾಪಸ್ ಹೋಗಲು ದಾರಿ ಇಲ್ಲದೆ ಪಕ್ಕದ ಬಲ್ಬಿನ ಮೂಲಕ ನುಸುಳುತ್ತಿದೆ ಅಂತ ಲೆಕ್ಕ.

ರಿಪೇರಿ ಅಂದರೆ ಉಜ್ಜುವುದು. ಹೋಲ್ಡರ್ ಬಿಚ್ಚಿ, ಸಣ್ಣ ಎಮರಿ ಪೇಪರಿನಿಂದ ಒಳಗೆ ಹೊರಗೆ ಉಜ್ಜಿ, ಅದು ಕೂರುವ ಬಾಡಿಯ ತಗಡನ್ನು ಬೆಳ್ಳಗೆ ಹೊಳೆಯುವವರೆಗೆ ಕೆರೆಯಿರಿ. ಬಲ್ಬಿನ ತಳಕ್ಕೆ ತಾಗುವ ಸ್ಪ್ರಿಂಗ್ ಪಾಯಿಂಟ್ ಒಳಗೆ ಕುಸಿದಿದ್ದರೆ ಸ್ವಲ್ಪ ಮೇಲೆತ್ತಿ. ಜೋಡಿಸಿದ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಆಮೇಲಿನ ಮಳೆಗೆ ಕಿಲುಬು ಹಿಡಿಯುವುದಿಲ್ಲ. ನಾನಂತೂ ಹಳೇ ಕಾರು ಬಂದರೆ ಹೋಲ್ಡರಿನಿಂದಲೇ ಒಂದು ಕಪ್ಪು ವೈರ್ ಎಳೆದು ಡಿಕ್ಕಿಯೊಳಗೆ ಗಟ್ಟಿ ಬೋಲ್ಟಿಗೆ ಹಿಡಿಸಿಬಿಡುತ್ತೇನೆ. ಒಂದು ಮೀಟರ್ ವೈರಿನ ಕೆಲಸ, ವರ್ಷಗಟ್ಟಲೆ ನಿಶ್ಚಿಂತೆ.

ಎಡದ್ದು ಇಷ್ಟು. ಬಲದ್ದು ಬೇರೆ. ಬಲಗಡೆ ಮಿಣುಕುತ್ತದೆ, ನಿಂತಾಗ ನಿಧಾನ ಅಂತ ಬರೆದಿದ್ದೀರಿ. ಬಿಸಿಯಿಂದ ನಡೆಯುವ ಡಬ್ಬಿ ಅಲ್ವಾ, ವೋಲ್ಟ್ ಕಡಿಮೆ ಆದರೆ ಪಟ್ಟಿ ನಿಧಾನವಾಗಿ ಕಾಯುತ್ತದೆ. ಇಂಜಿನ್ ಐಡಲಿನಲ್ಲಿ ಸ್ವಲ್ಪ ನಿಧಾನ, ರೇಸ್ ಮಾಡಿದಾಗ ಸ್ವಲ್ಪ ಚುರುಕು, ಇದು ಈ ಡಬ್ಬಿಯ ಸ್ವಭಾವ. ಆದರೆ "ಬಹಳ ನಿಧಾನ" ಅಂದರೆ ವೋಲ್ಟ್ ನೋಡಬೇಕು. ಬಾನೆಟ್ ಎತ್ತಿ ನೋಡಿ, ಬ್ಯಾಟರಿ ಚಾರ್ಜ್ ಮಾಡಲು ಫ್ಯಾನ್ ಬೆಲ್ಟ್ ತಿರುಗಿಸುತ್ತಿರುವುದು ಉದ್ದನೆ ಕೊಳವೆಯಂಥದ್ದಾದರೆ ಡೈನಮೋ, ಗಿಡ್ಡಗೆ ದುಂಡಗೆ ಗಾಳಿ ಕಿಂಡಿ ಇರುವಂಥದ್ದಾದರೆ ಆಲ್ಟರ್ನೇಟರ್. ಡೈನಮೋ ಐಡಲಿನಲ್ಲಿ ಚಾರ್ಜ್ ಮಾಡುವುದಿಲ್ಲ ಅಂತಲೇ ಇಟ್ಟುಕೊಳ್ಳಿ, ಎಲ್ಲ ಭಾರ ಬ್ಯಾಟರಿ ಮೇಲೆ. ಆಲ್ಟರ್ನೇಟರ್ ಇದ್ದರೆ ಇಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಇರಬೇಕು. ರಾತ್ರಿಯೆಲ್ಲ ನಿಲ್ಲಿಸಿದ ಮೇಲೆ ಬೆಳಗ್ಗೆ 12.6ರ ಹತ್ತಿರ ಇರಬೇಕು. ಇದು ಸರಿ ಇದ್ದೂ ನಿಧಾನ ಅಂದರೆ ಫ್ಯೂಸ್ ಬಾಕ್ಸ್ ಕಡೆ ಬನ್ನಿ. ಗಾಜಿನ ಕೊಳವೆ ಫ್ಯೂಸಿನ ಎರಡೂ ತುದಿಯ ಕ್ಲಿಪ್ಪುಗಳು ಕಪ್ಪಾಗಿರುತ್ತವೆ. ಕ್ಲಿಪ್ ಉಜ್ಜಿ, ಬೆರಳಿಂದ ಸ್ವಲ್ಪ ಬಿಗಿ ಮಾಡಿ ಫ್ಯೂಸ್ ಕೂರಿಸಿ. ಲುಕಾಸ್ ಅನ್ನುವ ಇಂಗ್ಲೆಂಡಿನ ಕಂಪನಿಯ ವೈರಿಂಗ್ ಪದ್ಧತಿಯ ಕಾರುಗಳಲ್ಲಿ ಇಂಡಿಕೇಟರ್, ಬ್ರೇಕ್ ಲೈಟ್, ವೈಪರ್, ಪೆಟ್ರೋಲ್ ಗೇಜ್ ಸಾಮಾನ್ಯವಾಗಿ ಒಂದೇ ಫ್ಯೂಸಿನ ಮೇಲಿರುತ್ತವೆ. ವೈಪರ್ ಹಾಕಿದಾಗ ಇಂಡಿಕೇಟರ್ ಇನ್ನೂ ನಿಧಾನ ಆಗುತ್ತಿದ್ದರೆ ಈ ಜಾಗದ ಮೇಲೆ ನನ್ನ ಅನುಮಾನ ಗಟ್ಟಿ.

ಇಷ್ಟೆಲ್ಲ ಮಾಡಿದ ಮೇಲೂ ಡಬ್ಬಿ ಮೇಲೆ ಅನುಮಾನ ಉಳಿದರೆ ಒಂದು ನೇರ ಪರೀಕ್ಷೆ ಇದೆ. ರಿಲೇ ಬದಲಿಸುವ ಪ್ರತಿಯೊಬ್ಬರೂ ಮೊದಲು ಇದನ್ನು ಮಾಡಲೇಬೇಕು ಅನ್ನುವುದು ನನ್ನ ಹಟ.

ಮೊದಲು ಡಬ್ಬಿ ಹುಡುಕಿ. ಬಲಕ್ಕೆ ಇಂಡಿಕೇಟರ್ ಹಾಕಿ ಡ್ಯಾಶ್‌ಬೋರ್ಡಿನ ಕೆಳಗೆ ಕಿವಿ ಇಡಿ, ಟಿಕ್ ಎಲ್ಲಿಂದ ಬರುತ್ತದೋ ಅಲ್ಲಿ ಬೆರಳಿಟ್ಟರೆ ಬಡಿತ ಗೊತ್ತಾಗುತ್ತದೆ. ಸಿಕ್ಕ ಮೇಲೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಯಾವ ವೈರ್ ಯಾವ ಪಿನ್ನಿಗೆ ಅಂತ ಸ್ಪಷ್ಟ ಕಾಣುವ ಹಾಗೆ. ಆಮೇಲೆ ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಡಬ್ಬಿಯನ್ನು ಕ್ಲಿಪ್ಪಿನಿಂದ ಎಳೆದು ವೈರುಗಳನ್ನು ಬಿಡಿಸಿ. ಪಿನ್ನಿನ ಪಕ್ಕ ಅಕ್ಷರ ಇರುತ್ತದೆ. ಬಿ ಅಂದರೆ ಬ್ಯಾಟರಿ ಕಡೆಯಿಂದ ಕರೆಂಟ್ ಬರುವುದು. ಎಲ್ ಅಂದರೆ ಲ್ಯಾಂಪಿಗೆ ಹೋಗುವುದು. ಪಿ ಅಂತ ಇದ್ದರೆ ಡ್ಯಾಶ್‌ಬೋರ್ಡಿನ ಹಸಿರು ಲೈಟಿಗೆ, ಅಂದರೆ ಪೈಲಟ್ ಲ್ಯಾಂಪಿಗೆ. ಈಗ ಬಿ ವೈರು, ಎಲ್ ವೈರು ಎರಡನ್ನೂ ಒಂದು ತುಂಡು ವೈರಿನಿಂದ ನೇರವಾಗಿ ಕೂಡಿಸಿ, ಬೇರೆ ಎಲ್ಲೂ ತಾಗದ ಹಾಗೆ ಟೇಪ್ ಸುತ್ತಿ. ಬ್ಯಾಟರಿ ಹಚ್ಚಿ, ಕೀ ಆನ್ ಮಾಡಿ, ಎಡಕ್ಕೆ ಹಾಕಿ. ಡಬ್ಬಿ ಇಲ್ಲದ ಕಾರಣ ಮಿಣುಕುವುದಿಲ್ಲ, ಎರಡು ಬಲ್ಬೂ ಸ್ಥಿರವಾಗಿ, ಒಂದೇ ಸಮ ಜೋರಾಗಿ ಹತ್ತಬೇಕು. ಬಲಕ್ಕೆ ಹಾಕಿ, ಅಲ್ಲೂ ಹಾಗೇ. ನಾಲ್ಕೂ ಚೆನ್ನಾಗಿ ಹತ್ತಿದರೆ ವೈರಿಂಗ್, ಸ್ವಿಚ್, ಬಲ್ಬ್, ಅರ್ತಿಂಗ್ ಎಲ್ಲ ಸರಿ, ಆಗ ಮಾತ್ರ ಡಬ್ಬಿ ಬದಲಿಸಿ. ಯಾವುದಾದರೂ ಒಂದು ಮಂಕಾದರೆ ಆ ಮೂಲೆಗೆ ವಾಪಸ್ ಹೋಗಿ. ಯಾವುದೂ ಹತ್ತದಿದ್ದರೆ ಬಿ ವೈರಿನಲ್ಲಿ ಕರೆಂಟೇ ಬರುತ್ತಿಲ್ಲ, ಫ್ಯೂಸ್ ನೋಡಿ. ಫ್ಯೂಸ್ ಠಪ್ ಅಂತ ಹಾರಿದರೆ ಎಲ್ಲೋ ವೈರ್ ಬಾಡಿಗೆ ತಾಗುತ್ತಿದೆ, ಅದನ್ನು ಹುಡುಕದೆ ಹೊಸ ರಿಲೇ ಹಾಕಿದರೆ ಆ ರಿಲೇಯೂ ಹೋಗುತ್ತದೆ.

ಪರೀಕ್ಷೆಗೆ ಮೀಟರಿಗಿಂತ ಬಲ್ಬ್ ಒಳ್ಳೆಯದು. 21 ವ್ಯಾಟಿನ ಒಂದು ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ ತುದಿಗೆ ಕ್ಲಿಪ್ ಹಚ್ಚಿಕೊಳ್ಳಿ, ಇದೇ ಟೆಸ್ಟ್ ಲ್ಯಾಂಪ್. ಮೀಟರ್ ಯಾಕೆ ಸಾಲುವುದಿಲ್ಲ ಅಂದರೆ, ಒಳಗೆ ಕಿಲುಬು ಹಿಡಿದು ಒಂದೇ ಎಳೆ ಉಳಿದ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಮೀಟರಿಗೆ ಬೇಕಾದ ಕರೆಂಟ್ ಅಷ್ಟು ಕಡಿಮೆ. ಅದೇ ವೈರಿಗೆ 21 ವ್ಯಾಟಿನ ಬಲ್ಬ್ ಹಚ್ಚಿದರೆ ಬಣ್ಣ ಬಯಲಾಗುತ್ತದೆ.

ವೈರಿನ ಬಣ್ಣದ ವಿಷಯ. ಲುಕಾಸ್ ಪದ್ಧತಿಯಲ್ಲಿ ಕರೆಂಟ್ ತರುವುದು ಹಸಿರು, ಎಡ ಇಂಡಿಕೇಟರಿಗೆ ಹಸಿರಿನ ಮೇಲೆ ಕೆಂಪು ಗೆರೆ, ಬಲಕ್ಕೆ ಹಸಿರಿನ ಮೇಲೆ ಬಿಳಿ ಗೆರೆ, ಅರ್ತಿಂಗ್ ಕಪ್ಪು. ಆದರೆ ನಿಮ್ಮದು ಸುಮಾರು 40 ವರ್ಷದ ಕಾರು. ನಡುವೆ ಯಾರು ಯಾರು ಯಾವ ಬಣ್ಣದ ವೈರ್ ಹಾಕಿದ್ದಾರೋ. ಬಣ್ಣ ನೋಡಿ ಅಂದಾಜು ಮಾಡಿ, ಟೆಸ್ಟ್ ಲ್ಯಾಂಪ್ ಹಿಡಿದು ಖಾತ್ರಿ ಮಾಡಿಕೊಳ್ಳಿ.

ಇನ್ನು ನಿಮ್ಮ ಎರಡನೇ ರಿಲೇ ಯಾಕೆ ಹುಚ್ಚುಹುಚ್ಚಾಗಿ ಆಡಿತು ಅನ್ನುವುದು. ಅದರಲ್ಲಿ ಎರಡು ವಿಷಯ ಸೇರಿಕೊಂಡಿರಬಹುದು. ಒಂದು, ಕೆಲವು ಎಲೆಕ್ಟ್ರಾನಿಕ್ ರಿಲೇಗಳು ಬಲ್ಬ್ ಹೋದದ್ದನ್ನು ಬೇರೆ ಥರ ತಿಳಿಸುತ್ತವೆ, ನಿಲ್ಲುವ ಬದಲು ಎರಡರಷ್ಟು ವೇಗದಲ್ಲಿ ಮಿಣುಕುತ್ತವೆ. ಎಡಕ್ಕೆ ಹಾಕಿದಾಗ ಪಟಪಟ ಅಂದಿದ್ದರೆ ಅದು ಅದೇ. ಎರಡನೆಯದು ಇನ್ನೂ ಮುಖ್ಯ. ಹಳೇ ಡಬ್ಬಿಯ ಮೂರು ಪಿನ್ ಅಂದರೆ ಬಿ, ಎಲ್, ಪಿ. ಎಲೆಕ್ಟ್ರಾನಿಕ್ ರಿಲೇಯ ಮೂರು ಪಿನ್ ಬಹಳ ಸಲ ಬಿ, ಎಲ್, ಇ. ಇ ಅಂದರೆ ಅರ್ತಿಂಗ್. ನೋಡಲು ಎರಡಕ್ಕೂ ಮೂರು ಪಿನ್, ಅರ್ಥ ಬೇರೆ. ಪೈಲಟ್ ಲ್ಯಾಂಪಿನ ವೈರನ್ನು ಇ ಪಿನ್ನಿಗೆ ತುರುಕಿದರೆ ರಿಲೇಗೆ ಸರಿಯಾದ ಅರ್ತಿಂಗ್ ಸಿಗುವುದಿಲ್ಲ, ಆ ಸಣ್ಣ ಬಲ್ಬಿನ ಮೂಲಕ ಅರೆಬರೆ ಸಿಗುತ್ತದೆ. ಒಮ್ಮೆ ನಡೆಯುತ್ತದೆ, ಒಮ್ಮೆ ಇಲ್ಲ, ಹಸಿರು ಲೈಟೂ ಕೈಕೊಡುತ್ತದೆ. ನೀವು ಬರೆದದ್ದಕ್ಕೆ ಇದು ಸರಿಯಾಗಿ ಹೊಂದುತ್ತದೆ. ಆ ರಿಲೇ ಎಸೆದಿಲ್ಲ ತಾನೆ? ಅದರ ಮೇಲಿನ ಅಕ್ಷರ ಓದಿ ನೋಡಿ. ಕೆಲವದರ ಮೇಲೆ ಅಕ್ಷರದ ಬದಲು ಅಂಕಿ ಇರುತ್ತದೆ. 49 ಅಂದರೆ ಬಿ, 49ಎ ಅಂದರೆ ಎಲ್, 31 ಅಂದರೆ ಅರ್ತಿಂಗ್, ಸಿ ಅಂದರೆ ಪೈಲಟ್. ಎಕ್ಸ್ ಅಂತ ಇದ್ದರೆ ಅದೂ ಬಿ. ಎಲ್ ಪಿನ್ನಿಗೆ ಮಾತ್ರ ಅಪ್ಪಿತಪ್ಪಿಯೂ ಅರ್ತಿಂಗ್ ವೈರ್ ಕೊಡಬೇಡಿ. ರಿಲೇ ಕೂಡಿದ ಕ್ಷಣವೇ ಶಾರ್ಟ್ ಆಗಿ ಫ್ಯೂಸ್ ಹೋಗುತ್ತದೆ, ಇಲ್ಲವೇ ರಿಲೇ ಸುಡುತ್ತದೆ.

ಬದಲಿಸುವುದೇ ಆದರೆ ಏನು ಕೊಳ್ಳಬೇಕು? ಮಾಮೂಲಿ ಬಲ್ಬ್ ಇಟ್ಟುಕೊಳ್ಳುವುದಾದರೆ 12 ವೋಲ್ಟ್, ಎರಡು 21 ವ್ಯಾಟಿಗೆ ಅಂತ ಮೇಲೆ ಬರೆದಿರುವ, ಹಳೇದರಷ್ಟೇ ಪಿನ್ ಇರುವ ಡಬ್ಬಿ. ಅಂಗಡಿಗೆ ಹಳೇದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಬಾಯಲ್ಲಿ ಹೇಳಿದರೆ ಟ್ರ್ಯಾಕ್ಟರಿನದೋ ಲಾರಿಯದೋ ಕೊಡುತ್ತಾರೆ. ಬಿಸಿಯ ಡಬ್ಬಿ ಕೈ ಜಾರಿ ನೆಲಕ್ಕೆ ಬಿದ್ದರೆ ಒಳಗಿನ ಪಟ್ಟಿಯ ಅಳತೆ ತಪ್ಪುತ್ತದೆ, ಹುಷಾರು. ಪಿನ್ನಿಗೆ ಕೂರುವ ವೈರಿನ ತುದಿಯ ಲಗ್ಗುಗಳು ಸಡಿಲ ಇದ್ದರೆ ಪಕ್ಕಡಿನಿಂದ ಒಂಚೂರು ಒತ್ತಿ ಬಿಗಿ ಮಾಡಿ, ಕಪ್ಪಾಗಿದ್ದರೆ ಉಜ್ಜಿ. ಡಬ್ಬಿಯನ್ನು ಅದರ ಕ್ಲಿಪ್ಪಿನಲ್ಲೇ ಕೂರಿಸಿ. ಟೇಪ್ ಸುತ್ತಿ ವೈರಿನಲ್ಲಿ ನೇತುಹಾಕುವುದು ನಮ್ಮ ಕಡೆ ದೊಡ್ಡ ಕೆಟ್ಟ ಚಾಳಿ. ಅದು ರಸ್ತೆಯ ಕುಲುಕಿಗೆ ಅಲ್ಲಿ ಇಲ್ಲಿ ಬಡಿದು, ಪಿನ್ ಬಾಡಿಗೆ ತಾಗಿ, ಒಂದು ರಾತ್ರಿ ಅದೇ ಫ್ಯೂಸಿನ ಮೇಲಿರುವ ಬ್ರೇಕ್ ಲೈಟನ್ನೂ ತೆಗೆದುಕೊಂಡು ಹೋಗುತ್ತದೆ.

ನಿಮ್ಮದಕ್ಕಿಂತ ಬಹಳ ಹಳೇ ಕಾರು ಇರುವವರೂ ಇದನ್ನು ಓದಬಹುದು, ಅವರಿಗೊಂದು ಮಾತು. 1960ರ ದಶಕದ ನಡುವಿನವರೆಗೆ ಇಂಗ್ಲೆಂಡಿನ ಎಷ್ಟೋ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಅನ್ನು ಬಾಡಿಗೆ ಹಚ್ಚುತ್ತಿದ್ದರು. ಅಂಬಾಸಡರಿನ ಮೂಲ ಮಾರಿಸ್ ಆಕ್ಸ್‌ಫರ್ಡ್, ಅದೂ ಆ ಕಾಲದ್ದೇ. ಬಿಸಿಯ ಡಬ್ಬಿಗೆ ಪಾಸಿಟಿವ್ ನೆಗೆಟಿವ್ ಭೇದ ಇಲ್ಲ. ಎಲೆಕ್ಟ್ರಾನಿಕ್ ರಿಲೇಗೆ ಇದೆ, ಉಲ್ಟಾ ಕೊಟ್ಟರೆ ಸುಟ್ಟು ಹೋಗುತ್ತದೆ. ರಿಲೇ ಕೊಳ್ಳುವ ಮೊದಲು ಬಾನೆಟ್ ಎತ್ತಿ ಬ್ಯಾಟರಿಯ ಯಾವ ಟರ್ಮಿನಲ್ ಬಾಡಿಗೆ ಹೋಗಿದೆ ಅಂತ ನೋಡಿಕೊಳ್ಳಿ.

ಎಲ್ಇಡಿ ಬಗ್ಗೆ ಕೇಳಿದ್ದೀರಿ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ನಿಮ್ಮ ಈಗಿನ ತೊಂದರೆಗೆ ಎಲ್ಇಡಿ ಮದ್ದಲ್ಲ. ಅರ್ತಿಂಗ್ ಕೆಟ್ಟ ಹೋಲ್ಡರಿನಲ್ಲಿ ಎಲ್ಇಡಿ ಹತ್ತುತ್ತದೆ ನಿಜ, ಯಾಕೆಂದರೆ ಅದಕ್ಕೆ ಬೇಕಾದ ಕರೆಂಟ್ ಬಹಳ ಕಡಿಮೆ. ಆದರೆ ಕಾಯಿಲೆ ಅಲ್ಲೇ ಉಳಿಯುತ್ತದೆ, ಅದೇ ಮೂಲೆಯ ಬ್ರೇಕ್ ಲೈಟಿಗೆ ನಾಳೆ ಕಾಡುತ್ತದೆ. ಜೊತೆಗೆ ಒಂದೊಂದು ಎಲ್ಇಡಿ ಎರಡು ಮೂರು ವ್ಯಾಟ್ ಅಂತ ಹಿಡಿದರೆ ಎರಡೂ ಸೇರಿ ಅರ್ಧ ಆಂಪಿಯರ್ ದಾಟುವುದಿಲ್ಲ. ಹಳೇ ಡಬ್ಬಿ ಕಾಯುವುದಾದರೂ ಹೇಗೆ? ಆಗ ಅಂಗಡಿಯವರು ಕರೆಂಟ್ ಹೆಚ್ಚು ಎಳೆಯಲಿ ಅಂತ ರೆಸಿಸ್ಟರ್ ಹಾಕಿ ಅಂತಾರೆ. 6 ಓಮಿನ ರೆಸಿಸ್ಟರ್ 12 ವೋಲ್ಟಿಗೆ 2 ಆಂಪಿಯರ್ ಎಳೆಯುತ್ತದೆ, ಅಂದರೆ 24 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಡಿಕ್ಕಿಯೊಳಗೆ ರಟ್ಟಿಗೋ ಪ್ಲಾಸ್ಟಿಕ್ಕಿಗೋ ತಾಗಿಸಿ ಬಿಟ್ಟಿದ್ದನ್ನು ನೋಡಿದ್ದೇನೆ, ನನಗೆ ಅದು ಭಯ.

ಹಾಕಲೇಬೇಕು ಅಂದರೆ ಸರಿಯಾದ ದಾರಿ ಬೇರೆ ಇದೆ. ಅರ್ತಿಂಗ್ ಪಿನ್ ಇರುವ, ಎಲ್ಇಡಿಗೆ ಅಂತಲೇ ಮಾಡಿದ ಎಲೆಕ್ಟ್ರಾನಿಕ್ ಫ್ಲಾಶರ್ ಹಾಕಿ, ಇ ಪಿನ್ನಿನಿಂದ ಒಂದು ಕಪ್ಪು ವೈರನ್ನು ಬಾಡಿಯ ಬೋಲ್ಟಿಗೆ ಕೊಡಿ. ಬಿಳಿ ಎಲ್ಇಡಿ ಬೇಡ, ಕಿತ್ತಳೆ ಬಣ್ಣದ್ದೇ ತನ್ನಿ, ಕಿತ್ತಳೆ ಲೆನ್ಸಿನ ಹಿಂದೆ ಬಿಳಿ ಎಲ್ಇಡಿ ಸಪ್ಪೆಯಾಗಿ ಕಾಣುತ್ತದೆ. ಹಸಿರು ಪೈಲಟ್ ಲ್ಯಾಂಪಿಗೆ ಹೊಸ ರಿಲೇಯಲ್ಲಿ ಪಿನ್ ಇಲ್ಲದಿದ್ದರೆ ಎಡದ ವೈರಿನಿಂದ ಒಂದು, ಬಲದ ವೈರಿನಿಂದ ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ಸಾಮಾನು) ಹಾಕಿ, ಗೆರೆ ಇರುವ ತುದಿ ಎರಡನ್ನೂ ಕೂಡಿಸಿ ಪೈಲಟ್ ಬಲ್ಬಿಗೆ ಕೊಡಿ, ಬಲ್ಬಿನ ಇನ್ನೊಂದು ಕಡೆ ಅರ್ತಿಂಗಿಗೆ. ಡಯೋಡ್ ಇಲ್ಲದೆ ಎಡ ಬಲ ಎರಡರ ನಡುವೆ ನೇರ ಬಲ್ಬ್ ಕೂಡಿಸಿದರೆ, ಒಂದು ಕಡೆ ಹಾಕಿದಾಗ ಪೈಲಟ್ ಮೂಲಕ ಕರೆಂಟ್ ನುಸುಳಿ ನಾಲ್ಕೂ ಎಲ್ಇಡಿ ಮಿಣುಕುತ್ತವೆ. ಹಿಂದೆ ಬರುವವನಿಗೆ ನೀವು ಎತ್ತ ತಿರುಗುತ್ತೀರಿ ಅಂತಲೇ ಗೊತ್ತಾಗುವುದಿಲ್ಲ.

ನಾಲ್ಕೂ ಒಟ್ಟಿಗೆ ಮಿಣುಕುವ ಹಜಾರ್ಡ್ ಸ್ವಿಚ್ ಬೇಕು ಅಂತ ಯಾರಾದರೂ ಹೇಳಿದರೆ ಅದನ್ನು ಈ ಡಬ್ಬಿಯಿಂದಲೇ ಎಳೆಯಬೇಡಿ. ನಾಲ್ಕು ಬಲ್ಬ್ ಅಂದರೆ 84 ವ್ಯಾಟ್, 7 ಆಂಪಿಯರ್. ಅದಕ್ಕೆ ಬೇರೆ ಫ್ಲಾಶರ್, ಬೇರೆ ಫ್ಯೂಸ್ ಬೇಕು.

ಎಲ್ಲ ಜೋಡಿಸಿದ ಮೇಲೆ ಗಡಿಯಾರ ಹಿಡಿದು ಎಣಿಸಿ. ನಿಮಿಷಕ್ಕೆ 60ರಿಂದ 120 ಸಲ ಮಿಣುಕಬೇಕು, ನಿಯಮವೂ ಅದೇ. 80-90 ಬಂದರೆ ನನಗೆ ಖುಷಿ. ಇಂಜಿನ್ ಆಫ್ ಇಟ್ಟು ಒಮ್ಮೆ ಎಣಿಸಿ, ಇಂಜಿನ್ ಓಡುವಾಗ ಒಮ್ಮೆ, ಹೆಡ್‌ಲೈಟ್, ವೈಪರ್, ಬ್ರೇಕ್ ಎಲ್ಲ ಒಟ್ಟಿಗೆ ಹಾಕಿ ಇನ್ನೊಮ್ಮೆ. ಕೊನೆಯದರಲ್ಲೂ 60ಕ್ಕಿಂತ ಕೆಳಗೆ ಇಳಿಯಬಾರದು. ಇಷ್ಟು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಅಣ್ಣಿಗೇರಿ ದಾಟಿ ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಹತ್ತಿ ಹೇರಿದ ಲಾರಿ, ಹಿಂದೆ ಒಂದೂ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಅವುಗಳನ್ನು ದಾಟಿಕೊಂಡು ನೀವು ಬರಬೇಕು. ನೀವು ಹೊಲದ ದಾರಿಗೆ ಎಡಕ್ಕೆ ತಿರುಗುವುದು ಹಿಂದಿನವನಿಗೆ ಆ 21 ವ್ಯಾಟಿನ ಬಲ್ಬಿನಿಂದ ಮಾತ್ರ ಗೊತ್ತಾಗಬೇಕು. ಇಂಡಿಕೇಟರ್ ಮಿಣುಕದೆ ಬರೀ ಹತ್ತಿಕೊಂಡಿದ್ದರೆ ಅವನು ಅದನ್ನು ಪಾರ್ಕಿಂಗ್ ಲೈಟ್ ಅಂದುಕೊಳ್ಳುತ್ತಾನೆ.

ಹಾಗಾಗಿ ಈ ವಾರ ಹುಬ್ಬಳ್ಳಿಗೆ ಹೊರಡುವ ಮೊದಲು ಎಡಗಡೆ ಹಿಂದಿನ ಲೆನ್ಸ್ ಒಂದನ್ನಾದರೂ ಬಿಚ್ಚಿ ನೋಡಿ. ಸ್ಕ್ರೂಡ್ರೈವರ್, ಎಮರಿ ಪೇಪರ್, ಒಂದು ಉದ್ದನೆ ವೈರ್ ಸಾಕು. ಹಳೇ ಡಬ್ಬಿ ಎಸೆಯಬೇಡಿ, ಬೇರೆ ಹಾಕಿದರೂ ಅದನ್ನು ಬಟ್ಟೆ ಸುತ್ತಿ ಡ್ಯಾಶ್‌ಬೋರ್ಡಿನ ಗೂಡಿನಲ್ಲಿಡಿ. ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿದೆ, ಅದರ ಜೊತೆ ಬಂದ ಮೂಲ ಸಾಮಾನು ಇನ್ನು ಮುಂದೆ ಸಿಗುವುದು ಕಷ್ಟ. ಲೆನ್ಸ್ ಬಿಚ್ಚಿದಾಗ ಬಲ್ಬಿನ ಬುಡದಲ್ಲಿ ಏನು ಬರೆದಿತ್ತು, ವೈರ್ ಹಿಡಿದಾಗ ಟಿಕ್ ಟಿಕ್ ಶುರುವಾಯಿತಾ ಅಂತ ಬರೆಯಿರಿ, ಬಲಗಡೆಯದನ್ನು ಆಮೇಲೆ ಒಟ್ಟಿಗೆ ನೋಡೋಣ.